ಗಿಡ ನೆಡಬೇಡಿ ಅನ್ನುವವರ ಜೊತೆ

ಬೆಂಗಳೂರಿನವರು ಹೆಸರಘಟ್ಟಕ್ಕೆ ಸುಮ್ನೆ ಹೋಗುವುದಿಲ್ಲ. ಒಂದೋ ನೃತ್ಯಗ್ರಾಮ ನೋಡಬೇಕು, ಇಲ್ಲಾ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ತರಕಾರಿ ಬೀಜ ತರಬೇಕು, ಅದೂ ಇಲ್ಲ ಅಂದರೆ ಮದುವೆಗೆ ಮುಂಚಿನ ಫೋಟೊ ಶೂಟ್ ಇರಬೇಕು. ನಾವು ಹೊರಟಿದ್ದು ಹುಲ್ಲು ನೋಡಲು.

ನವೆಂಬರ್ ಮೊದಲ ವಾರದ ಶನಿವಾರ. ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿ ಚಿಕ್ಕಬಾಣಾವರ, ಸೋಲದೇವನಹಳ್ಳಿ ದಾಟಿದರೂ ಊರು ಮುಗಿಯುವುದೇ ಇಲ್ಲ. ಕಾಲೇಜು, ಪಿಜಿ, ಬಿರಿಯಾನಿ ಹೋಟೆಲು. ಹೆಸರಘಟ್ಟದಲ್ಲಿ ಇಡ್ಲಿ ಗಾಡಿಯ ಮುಂದೆ ಗುಂಪು ಕಾಯುತ್ತಿತ್ತು. ಹಕ್ಕಿ ನೋಡುವವರು, ಗಿಡ ಗುರುತಿಸುವವರು, ಒಬ್ಬರು ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು. ಸಂಘ, ಬೋರ್ಡು, ಅಧ್ಯಕ್ಷರು ಯಾವುದೂ ಇಲ್ಲ. ವಾಟ್ಸಾಪ್‌ನಲ್ಲಿ ಮಾತಾಡಿಕೊಂಡು ಬೆಳಗ್ಗೆ ಬಂದು ಸೇರುತ್ತಾರೆ, ಅಷ್ಟೇ.

ಮೊದಲು ಕೆರೆ ಏರಿ. 1894ರಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿದ ಕೆರೆ ಇದು. ಬೆಂಗಳೂರಿಗೆ ನಲ್ಲಿ ನೀರು ಅಂತ ಮೊದಲು ಬಂದಿದ್ದು ಇಲ್ಲಿಂದಲೇ. ಅಲ್ಲಿ ಜಾಸ್ತಿ ನಿಲ್ಲಲಿಲ್ಲ. ಮೇಷ್ಟ್ರಿಗೆ ಹುಲ್ಲುಗಾವಲಿನ ಅವಸರ.

ಹುಲ್ಲುಗಾವಲು ಮೊದಲ ನೋಟಕ್ಕೆ ನಿರಾಸೆ ಮಾಡುತ್ತದೆ. ಮೊಣಕಾಲೆತ್ತರದ ಒಣಗುತ್ತಿರುವ ಹುಲ್ಲು, ಅಲ್ಲೊಂದು ಇಲ್ಲೊಂದು ಈಚಲು, ಬಂದರಿಕೆ, ತಂಗಡಿ. ನಮ್ಮ ಕಣ್ಣಿಗೆ ಕಾಡು ಅಂದರೆ ಮರ. ಮರ ಇಲ್ಲದ ಜಾಗ ಕಂಡರೆ ಪಾಪ, ಬರಡು ಬಿದ್ದಿದೆ ಅಂತ ಕನಿಕರ ಹುಟ್ಟುತ್ತದೆ. ಸರ್ಕಾರಿ ದಾಖಲೆಗಳಲ್ಲೂ ಇಂಥ ಎಷ್ಟೋ ನೆಲಕ್ಕೆ ಪಾಳು ಅಂತಲೇ ಹಣೆಪಟ್ಟಿ. ನಮ್ಮ ಜೊತೆ ಬಂದಿದ್ದ ಐಟಿ ಹುಡುಗನೊಬ್ಬ ಕೇಳಿಯೇಬಿಟ್ಟ: "ಸರ್, ಇಲ್ಲಿ ಹೊಂಗೆ, ಬೇವು ಹಾಕಬಹುದಲ್ವಾ? ಅವೂ ನಮ್ಮ ನಾಡಿನ ಮರಗಳೇ ತಾನೇ?"

ಮೇಷ್ಟ್ರು ಉತ್ತರ ಕೊಡಲಿಲ್ಲ. "ಬಗ್ಗಿ ನೋಡು" ಅಂದರು.

ನೀರು ಜಿನುಗಿ ಕರ್ರಗಾದ ಜಲ್ಲಿ ಮಣ್ಣು. ಅದರ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಗಿಡ. ಎಲೆ ತುಂಬಾ ಸಣ್ಣ ಕೂದಲು, ಒಂದೊಂದು ಕೂದಲ ತುದಿಯಲ್ಲೂ ಹೊಳೆಯುವ ಅಂಟು ಹನಿ. ಒಂದು ನುಸಿ ಸಿಕ್ಕಿಕೊಂಡು ಇನ್ನೂ ಕಾಲಾಡಿಸುತ್ತಿತ್ತು. ಡ್ರೊಸೆರಾ, ಕೀಟ ತಿನ್ನುವ ಗಿಡ. ಈ ಮಣ್ಣಿನಲ್ಲಿ ಸಾರಜನಕ ಬಹಳ ಕಡಿಮೆ. ಅದಕ್ಕೇ ಈ ಗಿಡ ತನಗೆ ಬೇಕಾದ್ದನ್ನು ಹುಳುವಿನಿಂದ ಹೀರಿಕೊಳ್ಳುತ್ತದೆ. ಬಡ ಮಣ್ಣೇ ಇದರ ಆಸ್ತಿ. ಗುಂಡಿ ತೋಡಿ, ಗೊಬ್ಬರ ಸುರಿದು, ಮೇಲೆ ಮರದ ನೆರಳು ಬಿದ್ದರೆ ಇದು ಉಳಿಯುವುದಿಲ್ಲ. ಐಟಿ ಹುಡುಗ ಹೊಟ್ಟೆ ಮೇಲೆ ಮಲಗಿ ಫೋಟೊ ತೆಗೆಯತೊಡಗಿದ. ಅವನನ್ನು ಎಬ್ಬಿಸುವುದೇ ಕಷ್ಟವಾಯಿತು.

ಹಕ್ಕಿಗಳದ್ದೂ ಅದೇ ಕಥೆ. ಚಳಿಗಾಲಕ್ಕೆ ಮಧ್ಯ ಏಷ್ಯಾ ಕಡೆಯಿಂದ ಬರುವ ಹ್ಯಾರಿಯರ್ ಹದ್ದುಗಳು ರಾತ್ರಿ ಮಲಗುವುದು ಮರದ ಮೇಲೆ ಅಲ್ಲ, ಹುಲ್ಲಿನ ನಡುವೆ, ನೆಲದ ಮೇಲೆ. ಒಂದು ಹ್ಯಾರಿಯರ್ ಹುಲ್ಲಿಗೆ ತಾಗುವ ಹಾಗೆ ಹಾರಿ ಹೋಯಿತು. ಗಂಡೋ ಹೆಣ್ಣೋ ಅಂತ ಗುಂಪಿನಲ್ಲಿ ದೊಡ್ಡ ಜಗಳ.

ಈ ಜಾಗ ಉಳಿದಿದ್ದೂ ಸುಲಭಕ್ಕಲ್ಲ. ಫಿಲ್ಮ್ ಸಿಟಿ ಮಾಡುವ ಮಾತು ಬಂತು, ಹೋಯಿತು. ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಿ ಅಂತ ಪರಿಸರ ಗುಂಪುಗಳು ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದವು, ಕೋರ್ಟಿಗೂ ಹೋದವು. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಬೇಡ ಅಂದಿತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ ಒಪ್ಪಿತು.

ದಾರಿಯಲ್ಲಿ ಕುರಿ ಕಾಯುವವರೊಬ್ಬರು ಸಿಕ್ಕರು. ಮೀಸಲು ವಿಷಯ ಎತ್ತಿದೆ. "ಮೀಸಲು ಅಂದ್ಮೇಲೆ ಬೇಲಿ ಬರಲ್ವಾ? ಕುರಿ ಎಲ್ಲಿಗ್ ಹೊಡ್ಕಂಡ್ ಹೋಗ್ಲಿ?" ಅಂದರು. ಕಾನೂನಿನಲ್ಲಿ ಸಂರಕ್ಷಣಾ ಮೀಸಲು ಅಂದರೆ ಅಭಯಾರಣ್ಯದಷ್ಟು ಬಿಗಿ ಇಲ್ಲ. ಅಲ್ಲಿನ ಜನರ ಹಕ್ಕನ್ನು ಅದು ಕಿತ್ತುಕೊಳ್ಳುವುದಿಲ್ಲ. ಹಿತಮಿತವಾಗಿ ಮೇಯಿಸಿದರೆ ಹುಲ್ಲುಗಾವಲಿಗೂ ಒಳ್ಳೆಯದೇ. ಆದರೆ ಇದನ್ನು ಅವರಿಗೆ ಕೂತು ಹೇಳಿದವರು ಯಾರೂ ಇಲ್ಲವಂತೆ. ನಗರದ ಗುಂಪುಗಳಿಗೆ ವಿಧಾನಸೌಧದ ದಾರಿ ಚೆನ್ನಾಗಿ ಗೊತ್ತು. ಕುರಿಹಟ್ಟಿಯ ದಾರಿ ಇನ್ನೂ ಅಷ್ಟು ಗೊತ್ತಿಲ್ಲ ಅಂತ ನನಗನ್ನಿಸಿತು. ಹಾಗೆಂದಾಗ ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಆ ಕುರಿ ಕಾಯುವವರ ಬಳಿ ಬೀಡಿ ಕೇಳಿ ಪಡೆದು, ಅರ್ಧ ಗಂಟೆ ಹುಲ್ಲಿನ ಹೆಸರು ಬರೆದುಕೊಂಡರು. ಪುಸ್ತಕದಲ್ಲಿಲ್ಲದ ಹೆಸರುಗಳೂ ಸಿಕ್ಕವು.

ಮರುದಿನ ನಗರದ ಇನ್ನೊಂದು ತುದಿ, ತುರಹಳ್ಳಿ. ಕನಕಪುರ ರಸ್ತೆಯಲ್ಲಿ ಹಸಿರು ಮೆಟ್ರೊ ಇಳಿದು ಆಟೊ ಹತ್ತಿದರೆ ಆಯಿತು. ಬಂಡೆ, ಕುರುಚಲು ಕಾಡು, ಸುತ್ತಲೂ ಅಪಾರ್ಟ್‌ಮೆಂಟು. 2021ರ ಫೆಬ್ರುವರಿಯಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಸುತ್ತಲಿನ ಜನ ಬೀದಿಗೆ ಬಂದರು. ಕಾಡಿಗೆ ಬೆಂಚು, ಕಾಲುದಾರಿ ಹಾಕಿ ಪಾರ್ಕ್ ಮಾಡಬೇಡಿ ಅನ್ನುವುದಷ್ಟೇ ಅವರ ಬೇಡಿಕೆ. ಕೆಲಸ ನಿಂತಿತು.

ಇಲ್ಲಿನ ಗುಂಪಿಗೆ ಅನುಮತಿ ಸಿಕ್ಕಾಗಲೆಲ್ಲ ಒಂದೇ ಕೆಲಸ, ಲಂಟಾನ ತೆಗೆಯುವುದು. ಇನ್ನೂರು ವರ್ಷದ ಹಿಂದೆ ಕಲ್ಕತ್ತೆಯ ತೋಟಕ್ಕೆ ಅಂದಕ್ಕೆ ಅಂತ ತಂದ ಗಿಡ. ಈಗ ಇಲ್ಲಿನವೇ ಗಿಡಗಳಾದ ಕಾರೆ, ಕವಳಿ, ಜಾಲಿ ಎಲ್ಲದರ ಮೇಲೂ ಅದೇ. ಮೇಲಿಂದ ಕತ್ತರಿಸಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ಹಾಗಾಗಿ ಬುಡದ ಮಣ್ಣು ಸರಿಸಿ, ಎರಡು ಮೂರು ಇಂಚು ಕೆಳಗೆ ತಾಯಿ ಬೇರನ್ನೇ ಕಡಿಯುತ್ತಾರೆ. ಆಮೇಲೆ ಇಡೀ ಪೊದೆಯನ್ನು ತಲೆಕೆಳಗು ಮಾಡಿ ಇಡುತ್ತಾರೆ, ಕಾಂಡ ಮತ್ತೆ ಮಣ್ಣಿಗೆ ತಾಗಿ ಬೇರು ಬಿಡಬಾರದು ಅಂತ. ಪಿಕಳಾರಗಳು ಹಣ್ಣು ತಿಂದು ಬೀಜ ಉದುರಿಸುತ್ತಲೇ ಇರುತ್ತವೆ, ಅದಕ್ಕೇ ಪ್ರತಿ ವರ್ಷ ಬಂದು ಮೊಳಕೆ ಕೀಳಬೇಕು. ನಾನು ಮಧ್ಯಾಹ್ನದವರೆಗೆ ಕಿತ್ತಿದ್ದು ನಾಲ್ಕೈದು ಪೊದೆ. ಪಕ್ಕದಲ್ಲಿದ್ದ ಅಜ್ಜಿ ನನಗಿಂತ ಮುಂದಿದ್ದರು. ಅವರು ಪೊದೆ ಎತ್ತಿದ ಕಡೆ ಅಡಿಯಲ್ಲಿ ಬಿಳುಚಿಕೊಂಡ ಒಂದು ಕಾರೆ ಸಸಿ ಇತ್ತು. "ಇದನ್ನ ಯಾರೂ ನೆಟ್ಟಿಲ್ಲ ನೋಡಿ" ಅಂದು ಮುಂದಿನ ಪೊದೆಗೆ ಹೋದರು.

ಮುಂದಿನ ಸರದಿ ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ. ತೋಳು ಮುಚ್ಚುವ ಅಂಗಿ, ದಪ್ಪ ಗ್ಲೌಸು, ನೀರು ತನ್ನಿ. ಸ್ವಂತ ಗುದ್ದಲಿ ತಂದವರಿಗೆ ಅಲ್ಲಿ ಮರ್ಯಾದೆ ಜಾಸ್ತಿ.