ಲೋ ಬಿ ಕೊನೆಗೂ ಬಾಯಿಬಿಟ್ಟಿತು: ಆಲ್ಟೋ ಸ್ಯಾಕ್ಸ್ ರಿಪೇರಿ ಎಲ್ಲಿಗೆ ಬಂತು

ನಮ್ಮ ಜಾಝ್ ಬ್ಯಾಂಡಿನ ಆಲ್ಟೋ ಸ್ಯಾಕ್ಸ್‌ನಲ್ಲಿ ಲೋ ಸಿ (ತಗ್ಗಿನ ಸಿ ಸ್ವರ) ಸಲೀಸಾಗಿ ಬರುತ್ತಿತ್ತು. ಅದರ ಕೆಳಗಿನ ಬಿ, ಬಿ ಫ್ಲ್ಯಾಟ್ ಮಾತ್ರ ಗುಳುಗುಳು ಎಂದು ಮೇಲಿನ ಆಕ್ಟೇವ್‌ಗೆ ಜಿಗಿಯುತ್ತಿದ್ದವು. ಆ ರೋಗ ಈಗ ವಾಸಿಯಾಗಿದೆ. ಪ್ಯಾಡ್ (ತೂತು ಮುಚ್ಚುವ ಚರ್ಮದ ಬಿಲ್ಲೆ) ಬಿಚ್ಚುವುದು, ಅದನ್ನು ಹಿಡಿದಿಡುವ ಅರಗು ಕಾಯಿಸುವುದು, ನೆಕ್ ಕಾರ್ಕ್ ಅಂಟಿಸಿ ಉಜ್ಜುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಅದನ್ನು ಬಿಟ್ಟು ನೇರವಾಗಿ ಜಿ ಶಾರ್ಪ್ ಕೀಗೆ ಬರೋಣ, ಎಲ್ಲ ತಂಟೆಯ ಮೂಲ ಅದೇ.

ಮಂಗಳೂರಿನ ಸುತ್ತಮುತ್ತ ಆಲ್ಟೋ ಸ್ಯಾಕ್ಸ್‌ಗೆ ಬರವಿಲ್ಲ. ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ವೇದಿಕೆಗೆ ಏರಿಸಿದ ಮೇಲೆ ಉತ್ಸವ, ಮದುವೆ, ನೇಮ ಎಲ್ಲ ಕಡೆ ಸ್ಯಾಕ್ಸ್ ಕೇಳಿಸುತ್ತದೆ. ಜಾಝ್‌ನವರಿಗೂ ಅವರು ಹೊರಗಿನವರಲ್ಲ: ಅಮೆರಿಕದ ಆಲ್ಟೋ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ನುಡಿಸಿದ ಆಲ್ಬಮ್ 2008ರಲ್ಲಿ ಬಂದಿದೆ. ನಮ್ಮ ಬ್ಯಾಂಡಿನ ಆಲ್ಟೋದವರೂ ವಾಲಗದ ಕಡೆಯಿಂದ ಬಂದವರು, ಟ್ರಂಪೆಟ್‌ನವರು ಇಗರ್ಜಿ ಬ್ಯಾಂಡ್‌ಸೆಟ್‌ನವರು. ಬಯಲಿನಲ್ಲಿ ಡೋಲಿನ ಎದುರು ಪೂರ್ತಿ ಉಸಿರು ಹಾಕಿ, ಕೀಗಳನ್ನು ಗಟ್ಟಿಯಾಗಿ ಒತ್ತಿ ಊದುವಾಗ ಸಣ್ಣ ಲೀಕ್ ಇದ್ದರೂ ಮುಚ್ಚಿಹೋಗುತ್ತದೆ. ಜಾಝ್ ಬ್ಯಾಲಡ್‌ನಲ್ಲಿ ಡ್ರಮ್ಮಿನವರು ಬ್ರಷ್ ಹಿಡಿದಿರುತ್ತಾರೆ, ಬಾಸ್ ಮೆಲ್ಲಗೆ ನಡೆಯುತ್ತಿರುತ್ತದೆ, ಸ್ಯಾಕ್ಸ್‌ನವರು ತುಟಿ ಸಡಿಲ ಬಿಟ್ಟು ಸಬ್‌ಟೋನ್‌ನಲ್ಲಿ (ಉಸಿರು ಬೆರೆತ ಮೆದು ದನಿಯಲ್ಲಿ) ಊದಬೇಕು. ಆಲ್ಟೋದಲ್ಲಿ ಸ್ವರಗಳ ಹೆಸರು ಪಿಯಾನೋದ್ದಕ್ಕಿಂತ ಬೇರೆ: ಬ್ಯಾಂಡ್ ಜಿ ಸ್ಕೇಲಿನಲ್ಲಿದ್ದರೆ ಆಲ್ಟೋಗೆ ಅದು ಇ. ಅದರ ಪಂಚಮ ಈ ಲೋ ಬಿ, ಪಿಯಾನೋದ ಲೆಕ್ಕದಲ್ಲಿ ಡಿ, 146.8 ಹರ್ಟ್ಸ್. ಸಾಲು ಬಂದು ನಿಲ್ಲುವ ಜಾಗವೇ ಅದು. ಅಲ್ಲೇ ಕೈಕೊಡುತ್ತಿತ್ತು.

ಲಕ್ಷಣದಿಂದ ಶುರು ಮಾಡೋಣ. ಲೋ ಸಿ ಮೆಲ್ಲಗೆ ಊದಿದರೂ ಬರುತ್ತದೆ ಎಂದರೆ ಮೇಲಿನಿಂದ ಸಿ ತನಕದ ಪ್ಯಾಡ್‌ಗಳು ಸರಿಯಾಗಿ ಕೂತಿವೆ. ಹಾಗಾಗಿ ಎಲ್ಲರ ಅನುಮಾನ ಬೆಲ್ (ಸ್ಯಾಕ್ಸ್‌ನ ಅಗಲ ಬಾಯಿ) ಮೇಲಿನ ಎರಡು ದೊಡ್ಡ ಪ್ಯಾಡ್‌ಗಳ ಕಡೆ ಹೋಗುತ್ತದೆ. ಅವು ನಿರ್ದೋಷಿಗಳು. ಒಳಗೆ ಎಲ್‌ಇಡಿ ಪಟ್ಟಿ ಇಳಿಸಿ ಕತ್ತಲೆಯಲ್ಲಿ ನೋಡಿದರೂ ಎಲ್ಲೂ ಬೆಳಕಿನ ಗೆರೆ ಇಲ್ಲ. (5 ವೋಲ್ಟಿನ ಯುಎಸ್‌ಬಿ ಪಟ್ಟಿ ಸಾಕು. ಬೆಸುಗೆ ಹಾಕಿದ ತುದಿಗಳಿಗೆ ಶ್ರಿಂಕ್ ಸ್ಲೀವ್ ಹಾಕದಿದ್ದರೆ ಹಿತ್ತಾಳೆ ಮೈಗೆ ತಾಗಿ ಶಾರ್ಟ್ ಆಗುತ್ತದೆ.) ಬೆಳಕು ಬಿಡುವಾಗ ರೂಢಿಯಲ್ಲಿ ಒಂದೊಂದೇ ಕಪ್ (ಪ್ಯಾಡ್ ಕೂತಿರುವ ಬಟ್ಟಲು) ಒತ್ತಿ ನೋಡುತ್ತಾರೆ, ಇಲ್ಲವೇ ಲೋ ಸಿ ಹಿಡಿದು ನೋಡುತ್ತಾರೆ. ಈ ಲೀಕ್ ಇರುವುದು ಎಡಗೈ ಕಿರುಬೆರಳು ಲೋ ಬಿ ಮೇಲೆ ಬಿದ್ದಾಗ ಮಾತ್ರ.

ಕಿರುಬೆರಳಿನ ಕೀಗಳಲ್ಲಿ ಲೋ ಸಿ ಶಾರ್ಪ್, ಬಿ, ಬಿ ಫ್ಲ್ಯಾಟ್ ಯಾವುದನ್ನು ಒತ್ತಿದರೂ ಜಿ ಶಾರ್ಪ್ ಲಿವರ್ ಜೊತೆಗೇ ಇಳಿಯುತ್ತದೆ. ಲಿವರ್ ಇಳಿದರೆ ಜಿ ಶಾರ್ಪ್ ಕಪ್ಪಿನ ಮೇಲಿದ್ದ ಒತ್ತಡ ಹೋಗಿ, ಕಪ್ಪಿನ ಸ್ವಂತ ಸ್ಪ್ರಿಂಗ್ ಅದನ್ನು ಎತ್ತಲು ನೋಡುತ್ತದೆ. ಆಗ ತಡೆಯುವುದು ಒಂದೇ ಒಂದು: ಬಲಗೈ ಬೆರಳುಗಳು ಮುಚ್ಚಿದ ಎಫ್ ಶಾರ್ಪ್ ಕೀಯಿಂದ ಚಾಚಿರುವ ಪುಟ್ಟ ತೋಳು ಮತ್ತು ಅದರಲ್ಲಿರುವ ಸ್ಕ್ರೂ. ಅಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ಲೋ ಬಿ ಕತೆ ಮುಗಿಯಿತು. ಜಿ ಶಾರ್ಪ್ ತೂತು ಇರುವುದು ಲೋ ಬಿಯ ಗಾಳಿಕಂಬದ ಹೆಚ್ಚುಕಡಿಮೆ ನಡುಭಾಗದಲ್ಲಿ. ಆಕ್ಟೇವ್ ವೆಂಟ್ (ಸ್ವರವನ್ನು ಮೇಲಿನ ಆಕ್ಟೇವ್‌ಗೆ ಏರಿಸುವ ಪುಟ್ಟ ತೂತು) ಬೇಕೆಂದು ಕೊರೆದರೂ ಅಲ್ಲೇ ಕೊರೆಯಬೇಕಿತ್ತು. ಅಲ್ಲಿ ಸೋರಿದರೆ ಮೂಲಸ್ವರ ಸಾಯುತ್ತದೆ, ಮೇಲಿನ ಆಕ್ಟೇವ್ ಕುಶಾಲಾಗಿ ಉಳಿಯುತ್ತದೆ. ಜಿಗಿತಕ್ಕೆ ಕಾರಣ ಇದು, ರೀಡ್ (ಊದಿದಾಗ ಅದುರಿ ಸ್ವರ ಹುಟ್ಟಿಸುವ ಪಟ್ಟಿ) ಅಲ್ಲ. ಮೂರು ನಂಬರ್ ರೀಡ್ ತೆಗೆದು ಎರಡೂವರೆ ಹಾಕಿ ಎಂದು ಸಲಹೆ ಕೊಡುವವರಿಗೆ ನಮಸ್ಕಾರ.

ಪರೀಕ್ಷೆಗೆ ಬೆಳಕೂ ಬೇಡ. ಲೋ ಡಿ ಊದುತ್ತಾ ಎಡಗೈ ಕಿರುಬೆರಳಿನಿಂದ ಜಿ ಶಾರ್ಪ್ ಲಿವರ್ ಟಪಟಪ ಬಡಿಯಿರಿ. ಸ್ವರ ಅಲುಗಬಾರದು. ಗಟ್ಟಿಯಾಗಿ ಒತ್ತಿ ಒಮ್ಮೆ, ಬೆರಳು ಸುಮ್ಮನೆ ಇಟ್ಟಂತೆ ಒಮ್ಮೆ ಮಾಡಬೇಕು. ಈ ಸ್ಯಾಕ್ಸ್‌ನಲ್ಲಿ ಗಟ್ಟಿ ಒತ್ತಿದಾಗ ಏನೂ ಇಲ್ಲ, ಹಗುರ ಒತ್ತಿದಾಗ ಸ್ವರ ನಡುಗುತ್ತಿತ್ತು.

ಸ್ಕ್ರೂ ಬಿಗಿ ಮಾಡಿದರೆ ಆಯಿತಲ್ಲ ಎನ್ನಬಹುದು. ಎಂಟನೇ ಒಂದು ಸುತ್ತು ಬಿಗಿ ಮಾಡಿದಾಗ ಲೋ ಬಿ ಬಂತು, ಎಫ್‌ನಿಂದ ಕೆಳಗಿನ ಎಲ್ಲ ಸ್ವರಗಳೂ ಮಂಕಾದವು. ತೋಳು ಜಿ ಶಾರ್ಪ್ ಕಪ್ಪಿಗೆ ಮೊದಲೇ ತಾಗಿ, ಎಫ್ ಶಾರ್ಪ್ ಪ್ಯಾಡ್ ಪೂರ್ತಿ ಮುಚ್ಚುವುದಿಲ್ಲ. ಹದಿನಾರನೇ ಒಂದು ಸುತ್ತು ಹಿಂದಕ್ಕೆ ಬಂದರೆ ಬಿ ಮತ್ತೆ ಮುನಿಸಿಕೊಳ್ಳುತ್ತದೆ. ನಡುವೆ ಜಾಗವೇ ಇಲ್ಲ. ಇಷ್ಟು ಇಕ್ಕಟ್ಟಾಗಿದ್ದರೆ ತೊಂದರೆ ಸ್ಕ್ರೂನಲ್ಲಿಲ್ಲ, ಸ್ಕ್ರೂ ತಡೆಯುತ್ತಿರುವ ಬಲದಲ್ಲಿದೆ.

ಲಿವರ್ ಇಳಿಸಿ, ಜಿ ಶಾರ್ಪ್ ಕಪ್ಪನ್ನು ಬೆರಳಿನಿಂದ ಮುಚ್ಚಿ ನೋಡಿದಾಗ ಗುಟ್ಟು ಗೊತ್ತಾಯಿತು. ಎತ್ತುವ ಸ್ಪ್ರಿಂಗ್ ಹೆಬ್ಬೆರಳನ್ನೇ ನೂಕುವಷ್ಟು ಬಿಗಿ. ಈ ಕೀ ಸದಾ ಮುಚ್ಚಿರುವುದು. ಜೂನ್ ಬಂತೆಂದರೆ ತೇವಕ್ಕೆ ಚರ್ಮ ಉಬ್ಬಿ, ಜೊಲ್ಲಿನ ಅಂಟು ಸೇರಿ, ಪ್ಯಾಡ್ ತೂತಿನ ಅಂಚಿಗೆ ಕಚ್ಚಿಕೊಳ್ಳುತ್ತದೆ. ಅದನ್ನು ಕೀಳಲು ಹಿಂದೆ ಯಾರೋ ಸ್ಪ್ರಿಂಗ್ ಬಗ್ಗಿಸಿ ಬಲ ಹೆಚ್ಚಿಸಿದ್ದಾರೆ. ಮಳೆಗಾಲದಲ್ಲಿ ಜಿ ಶಾರ್ಪ್ ಉಳಿಯಿತು, ವರ್ಷಪೂರ್ತಿ ಲೋ ಬಿ ಹೋಯಿತು. ಹೆಚ್ಚಿಸಿದ ಬಲಕ್ಕೆ ಹಿತ್ತಾಳೆಯ ಆ ತೆಳು ತೋಳು ಬಾಗುತ್ತದೆ. ಗಟ್ಟಿ ಒತ್ತಿದಾಗ ಬರುವುದು, ಹಗುರ ಒತ್ತಿದಾಗ ಹೋಗುವುದು ಅದಕ್ಕೇ.

ಆದ್ದರಿಂದ ಸ್ಪ್ರಿಂಗ್ ಇಳಿಸಬೇಕು, ಅಂಟುವುದಕ್ಕೆ ಬೇರೆ ಮದ್ದು ಮಾಡಬೇಕು. ಈ ಸ್ಪ್ರಿಂಗ್ ಒಂದು ಉಕ್ಕಿನ ಸೂಜಿ: ಸ್ಪ್ರಿಂಗ್ ಹುಕ್ ಎಂಬ ಉಪಕರಣದಿಂದ ಅದನ್ನು ಕೊಕ್ಕೆಯಿಂದ ಬಿಡಿಸಿ, ಬುಡದ ಹತ್ತಿರ ಹಿಡಿದು ಸ್ವಲ್ಪ ಸ್ವಲ್ಪವೇ ಹಿಮ್ಮುಖ ಬಗ್ಗಿಸಿ. ಕಡಲ ಗಾಳಿಗೆ ತುಕ್ಕು ಹಿಡಿದ ಉಕ್ಕಿನ ಸೂಜಿ ಇಲ್ಲಿ ಲಟಕ್ಕನೆ ಮುರಿಯುತ್ತದೆ, ಬದಲಿ ಸೂಜಿ ಕೈಯಲ್ಲಿಟ್ಟುಕೊಂಡೇ ಮುಟ್ಟಿ. ಲಿವರ್ ಇಳಿದಾಗ ಕಪ್ ತಡವಿಲ್ಲದೆ ಏಳಬೇಕು, ಅಷ್ಟು ಬಲ ಸಾಕು. ಲಿವರ್‌ನ ಸ್ಪ್ರಿಂಗ್ ಬೇರೆ, ಅದು ಬಲವಾಗಿಯೇ ಇರಲಿ. ತೂತಿನ ಅಂಚನ್ನು ಐಸೊಪ್ರೊಪೈಲ್ ಹಚ್ಚಿದ ಇಯರ್‌ಬಡ್‌ನಿಂದ ಒರೆಸಿದರೆ ಕಂದು ಅಂಟು ಬರುತ್ತದೆ. ಪೌಡರ್ ಹಾಕಬೇಡಿ, ತೇವ ಸೇರಿ ಹಿಟ್ಟಾಗುತ್ತದೆ. ಪ್ಯಾಡ್ ಮಾತ್ರ ಹೊಸದೇ ಬೇಕು.

ಹೊಸ ಪ್ಯಾಡಿನ ಪುರಾಣ ಬೇರೆಯೇ. ‘ಆಲ್ಟೋ ಪ್ಯಾಡ್ ಸೆಟ್’ ಎಂದು ಪೇಟೆಯಲ್ಲಿ ಕೇಳಿದರೆ ಮಾರುತಿ ಕಾರಿನ ಬ್ರೇಕ್ ಪ್ಯಾಡ್ ಮುಂದಿಡುತ್ತಾರೆ, ಮುಂದಿನ ಚಕ್ರದ್ದೋ ಎಂದು ಬೇರೆ ಕೇಳುತ್ತಾರೆ. ಆನ್‌ಲೈನ್‌ನಲ್ಲಿ 4 ಮಿ.ಮೀ. ದಪ್ಪ ಎಂದು ಬರೆದದ್ದು ಕ್ಯಾಲಿಪರ್‌ಗೆ 4.6 ಬಂತು. ದಪ್ಪ ಪ್ಯಾಡ್ ಹಿಂಜಿನ ಕಡೆ ಮೊದಲು ತಾಗಿ ಮುಂದೆ ಬಾಯಿ ತೆರೆದು ಕೂರುತ್ತದೆ, ಅರಗು ಎಷ್ಟು ಕಾಯಿಸಿದರೂ ಸಮ ಆಗುವುದಿಲ್ಲ. ಮಾರಿದವರಿಗೆ ಫೋಟೋ ಸಮೇತ ಬರೆದರೆ ‘ಬಳಸುತ್ತಾ ಸರಿಹೋಗುತ್ತದೆ ಸರ್’ ಎಂಬ ಉತ್ತರ. ಆ ಸೆಟ್ಟಿನಿಂದ ಕೆಲಸಕ್ಕೆ ಬಂದದ್ದು ಡಬ್ಬಿ ಮಾತ್ರ, ಸ್ಕ್ರೂ ಹಾಕಿಡಲು.

ಡಬ್ಬಿಯ ಮಾತಿಗೆ ನೆನಪಾಯಿತು: ಮುಂದಿನ ಕೆಲಸ ಟ್ರಂಪೆಟ್‌ಗೆ ಗೆರಟೆಯ ಮ್ಯೂಟ್ (ದನಿ ಬದಲಿಸಲು ಬೆಲ್‌ಗೆ ಹಿಡಿಯುವ ಮುಚ್ಚಳ). 1920ರ ದಶಕದಲ್ಲಿ ಅಮೆರಿಕದ ಡ್ಯೂಕ್ ಎಲಿಂಗ್ಟನ್ ಜಾಝ್ ಬ್ಯಾಂಡಿನ ಟ್ರಂಪೆಟ್ ವಾದಕ ಬಬರ್ ಮೈಲಿ ಸಿಂಕ್ ಪ್ಲಂಜರಿನ ರಬ್ಬರ್ ಬಟ್ಟಲನ್ನು ಬೆಲ್ ಮುಂದೆ ಹಿಡಿದು ಗುರುಗುಟ್ಟಿಸುತ್ತಿದ್ದರು. ಟ್ರಂಪೆಟ್ ಬೆಲ್ ಸುಮಾರು 12 ಸೆಂ.ಮೀ., ದೊಡ್ಡ ಕಾಯಿಯ ಅರ್ಧ ಗೆರಟೆಗೂ ಅದಕ್ಕೂ ಹೆಚ್ಚು ದೂರವಿಲ್ಲ. ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸದಿದ್ದರೆ ಬೆಲ್ ಗೀರುತ್ತದೆ. ಕಣ್ಣಿರುವ ಅರ್ಧವನ್ನೇ ಆರಿಸಿಕೊಂಡರೆ ಮೆತ್ತನೆಯ ಕಣ್ಣು ಚುಚ್ಚಿ ಗಾಳಿಗೆ ದಾರಿ ಮಾಡಬಹುದು, ಡ್ರಿಲ್ ಬೇಡ. ಒಳಗೆ ನಾರು ಬಿಡಬೇಕೋ ಕೆರೆಯಬೇಕೋ ಎಂಬ ಬಗ್ಗೆ ಬ್ಯಾಂಡಿನಲ್ಲಿ ಈಗಾಗಲೇ ಎರಡು ಪಂಗಡ.

ಜಿ ಶಾರ್ಪ್‌ಗೆ ವಾಪಸ್. ಹೊಂದಿಸುವ ಕ್ರಮ ತಪ್ಪಿದರೆ ಎಲ್ಲ ವ್ಯರ್ಥ. ಮೊದಲು ಎಫ್ ಶಾರ್ಪ್ ಪ್ಯಾಡ್ ಒಂಟಿಯಾಗಿ ಕೂರಬೇಕು, ಅದಕ್ಕಾಗಿ ಜಿ ಶಾರ್ಪ್ ಮತ್ತು ಬಿಸ್ (ಎಡಗೈ ತೋರುಬೆರಳಿನ ಪುಟ್ಟ ಬಿ ಫ್ಲ್ಯಾಟ್ ಕೀ) ಎರಡೂ ಸ್ಕ್ರೂ ಪೂರ್ತಿ ಹಿಂದಕ್ಕೆ. ಆಮೇಲೆ ಎಫ್, ಇ, ಡಿ ಕೀಗಳನ್ನು ಒಂದೊಂದಾಗಿ ಒತ್ತಿದಾಗ ಎಫ್ ಶಾರ್ಪ್ ಒಂದೇ ಬಿಗಿಯಲ್ಲಿ ಮುಚ್ಚಬೇಕು. ಕೊನೆಗೆ ಜಿ ಶಾರ್ಪ್ ಸ್ಕ್ರೂ. ಅದರ ಕೆಳಗಿನ ಮೆತ್ತನೆ ಕಾರ್ಕ್ ಕಿತ್ತು, ಬೈಕ್ ಗ್ಯಾಸ್ಕೆಟ್‌ಗೆ ಬಳಸುವ ರಬ್ಬರ್ ಬೆರೆತ ಕಾರ್ಕ್ ಹಾಳೆಯನ್ನು ಅರ್ಧ ಮಿ.ಮೀ.ಗೆ ಉಜ್ಜಿ ಫೆವಿಬಾಂಡ್‌ನಲ್ಲಿ ಅಂಟಿಸಿದ್ದೇವೆ. ಮೆತ್ತನೆ ಕಾರ್ಕ್ ದಿನದಿನಕ್ಕೆ ಕುಗ್ಗಿ ಹೊಂದಿಕೆ ಕೆಡಿಸುತ್ತದೆ.

ಬಿಗಿ ಅಳೆಯಲು ಪುಸ್ತಕಗಳು ಸಿಗರೇಟ್ ಪೇಪರ್ ಎನ್ನುತ್ತವೆ. ಬೀಡಿ ಕಟ್ಟುವ ಊರಿನಲ್ಲಿ ಎಲೆ ಬೇಕಾದಷ್ಟು, ಪೇಪರಿಗೆ ಹುಡುಕಾಟ. ಅದಕ್ಕಿಂತ ಒಳ್ಳೆಯದು ಹಳೆಯ ಯಕ್ಷಗಾನ ಕ್ಯಾಸೆಟ್. 60 ನಿಮಿಷದ ಕ್ಯಾಸೆಟ್ಟಿನ ಟೇಪ್ ಸುಮಾರು 0.018 ಮಿ.ಮೀ. ದಪ್ಪ, ತೇವಕ್ಕೆ ಉಬ್ಬುವುದಿಲ್ಲ. ಒಂದು ತುಂಡು ಎಫ್ ಶಾರ್ಪ್ ಪ್ಯಾಡಿನಡಿ, ಇನ್ನೊಂದು ಜಿ ಶಾರ್ಪ್ ಅಡಿ. ಲಿವರ್ ಇಳಿಸಿ, ಎಫ್ ಕೀಯನ್ನು ಹಗುರವಾಗಿ ಒತ್ತಿ ಎರಡನ್ನೂ ಎಳೆದರೆ ಒಂದೇ ತರಹ ತಡೆಯಬೇಕು. ವ್ಯತ್ಯಾಸ ಇರಲೇಬೇಕೆಂದಿದ್ದರೆ ಜಿ ಶಾರ್ಪ್ ಒಂದು ಗುಲಗಂಜಿ ಬಿಗಿ ಇರಲಿ, ಎಫ್ ಶಾರ್ಪ್‌ನ ಫೆಲ್ಟ್ ಅಷ್ಟನ್ನು ನುಂಗಿಕೊಳ್ಳುತ್ತದೆ. ಹೊಂದಿದ ಮೇಲೆ ಸ್ಕ್ರೂ ತಲೆಗೆ ಒಂದು ಹನಿ ನೇಲ್ ಪಾಲಿಶ್, ಇಲ್ಲದಿದ್ದರೆ ಊದುವ ಅದುರಿಗೆ ತಿರುಗುತ್ತದೆ.

ಈಗ ಲೋ ಬಿ ಸಬ್‌ಟೋನ್‌ನಲ್ಲೂ ನಿಲ್ಲುತ್ತದೆ, ಬಿ ಫ್ಲ್ಯಾಟ್ ಕೂಡ. ಉಳಿದಿರುವುದು ನೆಕ್ ಟೆನನ್ (ನೆಕ್ ಸ್ಯಾಕ್ಸ್ ಮೈಯೊಳಗೆ ಕೂರುವ ತುದಿ): ಸ್ಕ್ರೂ ಪೂರ್ತಿ ಬಿಗಿದರೂ ನೆಕ್ ಸ್ವಲ್ಪ ಆಡುತ್ತದೆ. ಸದ್ಯಕ್ಕೆ ಪ್ಲಂಬರ್ ಟೇಪಿನ ಒಂದು ಸುತ್ತು ಹಾಕಿದ್ದೇವೆ, ನೆಕ್ ತೆಗೆದಾಗಲೆಲ್ಲ ಅದು ಸುರುಳಿಯಾಗಿ ಕಿತ್ತು ಬರುತ್ತದೆ. ಉಡುಪಿ, ಮಂಗಳೂರು ಕಡೆ ಯಾರ ಹತ್ತಿರವಾದರೂ ಟೆನನ್ ಹಿಗ್ಗಿಸುವ ಉಪಕರಣ ಇದ್ದರೆ ಹೇಳಿ, ಸ್ಯಾಕ್ಸ್ ಹಿಡಿದುಕೊಂಡು ನಾವೇ ಬರುತ್ತೇವೆ. ಗೆರಟೆ ಬೇಕಿದ್ದರೆ ತರುತ್ತೇವೆ.