ಯಾಕ ಇಳದಿ ತಂಗಿ?

ಸೋಮವಾರ ಗೋವಾದ ವಾಸ್ಕೋದ ಮೀನು ಮಾರ್ಕೆಟ್‌ನಲ್ಲಿ ಬಾಂಗಡೆ ರೇಟು ಕೇಳಿ ಮುಖ ಸಿಂಡರಿಸಿದೆ. ಬುಟ್ಟಿ ಮುಂದೆ ಕೂತಿದ್ದವಳು ಪಕ್ಕದವಳಿಗೆ ಮೆಲ್ಲಗೆ, ಆದರೆ ನನಗೆ ಕೇಳಿಸುವ ಹಾಗೆ, 'ಘಾಂಟಿ' ಅಂದಳು. ಹುಟ್ಟಿ ಬೆಳೆದದ್ದು ಇಲ್ಲೇ, ಚೌಕಾಸಿ ಮಾಡಿದ್ದೂ ಕೊಂಕಣಿಯಲ್ಲೇ. ಆದರೂ ಅದು ಹೇಗೆ ಗೊತ್ತಾಗುತ್ತೋ! ಘಟ್ಟದ ಮೇಲಿನವರು ಅಂತ ಅರ್ಥ. ಹೇಳುವ ಧಾಟಿಯಲ್ಲಿ ಬೈಗುಳ.

ಮನೆಗೆ ಬಂದು ಉರಿದುಕೊಂಡು ಹೇಳಿದರೆ ಅವ್ವ ನಕ್ಕಳು. "ಖರೇನ ಹೇಳ್ಯಾಳ ಬಿಡು. ಘಟ್ಟದ ತುದಿಗೆ ಒಂಬತ್ತು ವರ್ಷ ಸಂಸಾರ ಮಾಡ್ದಾಕಿ ನಾನು. ನನ್ನ ಒರಳು ಇನ್ನೂ ಅಲ್ಲೇ ಐತಿ."

ಅಲ್ಲೇ ಅಂದರೆ ಕ್ಯಾಸಲ್‌ರಾಕ್. ಅಪ್ಪ ಅಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದರು. ವಾಸ್ಕೋಗೆ ವರ್ಗವಾದ ಮೇಲೆ ನಾನು ಹುಟ್ಟಿದ್ದು. ಹುಬ್ಬಳ್ಳಿಗೆ ಹೋಗುವಾಗ ಬರುವಾಗ ಆ ಸ್ಟೇಷನ್ ಎಷ್ಟು ಸಲ ನೋಡಿದ್ದೇನೋ. ನೋಡಿದ್ದೇನೆ ಅನ್ನುವುದೂ ಸುಳ್ಳೇ. ಮಂಜು, ಒಂದು ಲೈಟು, ಹಳದಿ ಬೋರ್ಡು. ಗಾಡಿ ಒಂದಿಷ್ಟು ಹೊತ್ತು ನಿಲ್ಲುತ್ತೆ. ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ.

ಗುರುವಾರ ರಜೆ ಹಾಕಿ ಬೆಳಗಿನ ಗಾಡಿ ಹತ್ತಿದೆ. "ಅಲ್ಲೇನಿದೆ, ಜಿಗಣೆ ಬಿಟ್ರೆ?" ಅಂದ ತಮ್ಮ. ಯಾವ ಊರಿನ ಹೆಸರು ಹೇಳಿದರೂ ಅಲ್ಲೊಂದು ರೆಸಾರ್ಟ್ ಕಟ್ಟಬಹುದಾ ಅಂತ ಲೆಕ್ಕ ಹಾಕುವ ಆಸಾಮಿ ಅವನು.

ಕುಳೆಂನಲ್ಲಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಸೇರಿಸಿದರು. ಇಲ್ಲಿಂದ ಮೇಲಕ್ಕೆ ಸುಮಾರು 26 ಕಿಲೋಮೀಟರ್ ಬ್ರಗಾಂಜಾ ಘಾಟ್. ಏರು 37ಕ್ಕೆ 1. ಅಂದರೆ 37 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ನಮ್ಮ ಸ್ಕೂಟರಿಗೆ ಇದೇನೂ ಲೆಕ್ಕವಲ್ಲ, ರೈಲಿಗೆ ಇದೇ ದೊಡ್ಡ ಗುಡ್ಡ. ಪೋರ್ಚುಗೀಸರ ಪೊಲೀಸರು 1946ರ ಸೆಪ್ಟೆಂಬರ್‌ನಲ್ಲಿ ರಾಮಮನೋಹರ ಲೋಹಿಯಾ ಅವರನ್ನು ಹಿಡಿದದ್ದು ಇದೇ ಕುಳೆಂನಲ್ಲಿ. ಈಗ ಅಲ್ಲಿ ಹುಡುಗರು ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ರೀಲ್ಸ್ ಮಾಡುತ್ತಿದ್ದರು. 2023ರ ಜುಲೈನಲ್ಲಿ ಹಳಿ ಮೇಲೆ ನಡೆದು ದೂಧಸಾಗರ ಜಲಪಾತಕ್ಕೆ ಹೊರಟವರಿಗೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ. ಗ್ಯಾಂಗ್‌ಮನ್ ಮಗಳಾದ ನನಗೆ ಆಗ ಅಯ್ಯೋ ಪಾಪ ಅನ್ನಿಸಿರಲಿಲ್ಲ.

ದೂಧಸಾಗರ ಬಂತು. ಬೋಗಿಯವರೆಲ್ಲ ಒಂದೇ ಕಡೆಯ ಕಿಟಕಿಗೆ ನುಗ್ಗಿದರು. ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಸದ್ದು ಮಾತ್ರ ಕೇಳಿಸಿತು.

ಕ್ಯಾಸಲ್‌ರಾಕ್‌ನಲ್ಲಿ ಇಳಿದವಳು ನಾನೊಬ್ಬಳೇ. ಗೋವಾ ದಾಟಿ ಕರ್ನಾಟಕಕ್ಕೆ, ಜೋಯಿಡಾ ತಾಲ್ಲೂಕಿಗೆ, ಕಾಲಿಟ್ಟಾಗಿತ್ತು. ತಳ್ಳಿದ ಇಂಜಿನ್ನುಗಳನ್ನು ಬಿಡಿಸಿದರು, ಗಾಡಿ ಹೋಯಿತು. ಆಮೇಲೆ ಬರೀ ಮಳೆಯ ಸದ್ದು. ಬೆಂಚಿನ ಮೇಲೆ ಮಡಚಿದ ಕೊಡೆ ತೊಡೆಯಲ್ಲಿಟ್ಟುಕೊಂಡು ಒಬ್ಬ ಅಜ್ಜ ಕೂತಿದ್ದ. ಯಾವ ಗಾಡಿಗೂ ಕಾಯುತ್ತಿರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾಕ ಇಳದಿ ತಂಗಿ?"

"ಸುಮ್ನೆ."

"ಸುಮ್ನ ಯಾರೂ ಇಲ್ಲಿ ಇಳಿಯಂಗಿಲ್ಲವಾ. ಇಳಿಸಿದ್ರ ಇಳೀತಿದ್ರು."

ಆ ಹೊತ್ತಿಗೆ ತಮಾಷೆ ಅನ್ನಿಸಿತು. ಆಮೇಲೆ ಯೋಚಿಸಿದರೆ ಊರಿನ ಕಥೆಯೆಲ್ಲ ಅದೇ. ಬ್ರಿಟಿಷರಿಗೂ ಪೋರ್ಚುಗೀಸರಿಗೂ 1878ರಲ್ಲಿ ಒಪ್ಪಂದವಾಗಿ, 1888ಕ್ಕೆ ಮರ್ಮಗೋವಾ ಬಂದರಿನಿಂದ ಇಲ್ಲಿಯವರೆಗೆ ಮೀಟರ್‌ಗೇಜ್ ಹಳಿ ಬಂತು. ಘಟ್ಟದ ಕೆಳಗೆ ಅವರ ರಾಜ್ಯ, ಮೇಲೆ ಇವರದು. ನಡುವೆ ಈ ಊರು. ಇಲ್ಲಿ ಕಸ್ಟಮ್ಸ್. ಟ್ರಂಕು, ಗಂಟುಮೂಟೆ ಬಿಚ್ಚಿ ತೋರಿಸಬೇಕು. ತಾಸುಗಟ್ಟಲೆ ಕಾಯುವಾಗ ಹಸಿವಾಗುತ್ತೆ, ಚಹಾ ಬೇಕು, ಹಮಾಲಿ ಬೇಕು. ಜನರನ್ನು ತಡೆದು ನಿಲ್ಲಿಸಿದ್ದರಿಂದಲೇ ಊರಿನ ಹೊಟ್ಟೆ ತುಂಬುತ್ತಿತ್ತು.

1955ರಲ್ಲಿ ಭಾರತ ಗೋವಾದ ಗಡಿ ಮುಚ್ಚಿದಾಗ ಗಾಡಿಯೂ ನಿಂತಿತು. 1961ರ ಡಿಸೆಂಬರ್‌ನಲ್ಲಿ ಗೋವಾ ನಮ್ಮದಾಯಿತು. ರೈಲು ಮತ್ತೆ ಬಂತು, ಟ್ರಂಕು ಬಿಚ್ಚಿಸೋರು ಬರಲಿಲ್ಲ. ಉಗಿಬಂಡಿ ಇರುವ ತನಕ ಇಂಜಿನ್ನಿಗೆ ನೀರು ಕುಡಿಸುವ ಕೆಲಸವಾದರೂ ಇತ್ತು. ಡೀಸೆಲ್ ಬಂತು, ಅದೂ ಹೋಯಿತು. ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಈಗಲೂ ಕೆಳಗಿಳಿಯುವ ಗಾಡಿಗಳು ಬ್ರೇಕ್ ಪರೀಕ್ಷೆಗೆ ಇಲ್ಲಿ ನಿಲ್ಲುತ್ತವೆ. ನಿಲ್ಲುವುದು ಗಾಡಿ ಮಾತ್ರ.

"ಗೋವಾ ಬಿಡುಗಡೆ ಆತು, ನಮ್ಮೂರು ಖಾಲಿ ಆತು" ಅಂದ ಅಜ್ಜ, ಅದರಲ್ಲಿ ನನ್ನದೇ ತಪ್ಪು ಇದೆಯೇನೋ ಅನ್ನೋ ಹಾಗೆ. ನನಗೆ ಹಿಡಿಸಲಿಲ್ಲ. ಇವನ ಚಹಾ ವ್ಯಾಪಾರಕ್ಕೆ ಪೋರ್ಚುಗೀಸರು ಇನ್ನೂ ಇರಬೇಕಿತ್ತಾ? ಹಾಗಂತ ಬಾಯಿಬಿಟ್ಟು ಹೇಳಲಿಲ್ಲ, ಯಾಕೆಂದರೆ ದಾರಿ ತೋರಿಸಲು ಬೇರೆ ಯಾರೂ ಇರಲಿಲ್ಲ.

ಕ್ವಾರ್ಟರ್ಸ್ ಸಾಲು ಇಳಿಜಾರಿನಲ್ಲಿತ್ತು. ತುದಿಯ ಎರಡು ಮನೆಗಳಲ್ಲಿ ಬಟ್ಟೆ ಒಣಹಾಕಿದ್ದರು. ಆ ಮಳೆಯಲ್ಲಿ ಯಾವಾಗ ಒಣಗುತ್ತವೋ. ಉಳಿದವುಗಳಿಗೆ ಸೂರೇ ಇಲ್ಲ. ಒಂದು ಮನೆಯ ಹಿಂದಿನ ಗೋಡೆ ಪೂರ್ತಿ ಬಿದ್ದಿದೆ, ಮುಂದಿನ ಬಾಗಿಲಿಗೆ ಮಾತ್ರ ಬೀಗ. ಬೀಗಕ್ಕೆ ತುಕ್ಕು ಹಿಡಿಯದ ಹಾಗೆ ಯಾರೋ ಎಣ್ಣೆ ಬೇರೆ ಹಾಕಿದ್ದಾರೆ! ಬಿದ್ದ ಗೋಡೆಯ ಕಡೆಯಿಂದ ಒಳಗೆ ಹೋದೆ. ಅಡುಗೆಮನೆಯ ನೆಲದಲ್ಲಿ ಹುಗಿದ ಒರಳು. ಗುಳಿಯ ತುಂಬ ಮಳೆನೀರು, ನೀರಿನಲ್ಲಿ ಗೊದಮೊಟ್ಟೆಗಳು. ಬೆರಳದ್ದಿದೆ, ಎಲ್ಲವೂ ಒಂದೇ ಕಡೆ ಓಡಿದವು. ಒಳಮೈ ಇನ್ನೂ ನುಣುಪು.

ಅವ್ವನದೇ ಸಿಕ್ಕಿತು ಅಂತ ಖುಷಿಯಾಯಿತು. ಪಕ್ಕದ ಮನೆಗೆ ಹೋದರೆ ಅಲ್ಲೂ ಒಂದು. ಅದರಾಚೆಗೂ ಒಂದು. ಎಲ್ಲ ಹೆಂಗಸರೂ ಹೀಗೇ ಬಿಟ್ಟು ಹೋಗಿದ್ದರು. ಮೂರರ ಫೋಟೊ ತೆಗೆದೆ. ಕಾಲಿಗೆ ಜಿಗಣೆ ಹತ್ತಿತ್ತು. ತಮ್ಮನಿಗೆ ಹೇಳಿಲ್ಲ.

ಸಂಜೆ ಗಾಡಿಗೆ ಕಾಯುವಾಗ ಅಜ್ಜನ ಪ್ರಶ್ನೆ ಮತ್ತೆ ಬಂತು. ಯಾಕ ಇಳದಿ? ನಮ್ಮ ಓಣಿಯಲ್ಲಿ ಗದಗ, ಬಾಗಲಕೋಟೆ ಕಡೆಯವರೇ ಜಾಸ್ತಿ. ಎರಡು ವರ್ಷ ದುಡಿದು ವಾಪಸ್ ಹೋಗ್ತೀವಿ ಅಂತ ಬಂದವರು. ಕೆಲವರಿಗೆ ಈಗ ಮೊಮ್ಮಕ್ಕಳಿದ್ದಾರೆ. ಅಪ್ಪನೂ ಹಾಗೇ ಅನ್ನುತ್ತಿದ್ದರು. ಇವರೆಲ್ಲ ರೈಲು ಇಳಿದಿದ್ದು ಆಮೇಲೆ, ಮೊದಲು ಇಳಿದದ್ದು ಘಟ್ಟ. ಮೀನಿನವಳು ಕೇಳಿದ್ದೂ ಅದನ್ನೇ ತಾನೇ? ಯಾಕ ಇಳದಿ? ಅಜ್ಜ ಕೇಳಿದಾಗ ಸಿಟ್ಟು ಬರಲಿಲ್ಲ, ಅವಳು ಅಂದಾಗ ಬಂತು. ಅಜ್ಜ 'ತಂಗಿ' ಸೇರಿಸಿದ್ದಕ್ಕಾ? ಅವನಿಗೆ ಜನ ಬೇಕಿತ್ತು, ಅವಳಿಗೆ ಸಾಕಾಗಿದ್ದಾರೆ. ನಾನಾದರೂ ಉತ್ತರ ಭಾರತದ ಹುಡುಗರು ಬಸ್ಸಿನಲ್ಲಿ ಸೀಟು ಹಿಡಿದರೆ ಏನೇನು ಗೊಣಗುತ್ತೇನೆ ಅಂತ ನನಗೇ ಗೊತ್ತು.

ಅಜ್ಜ ಗಾಡಿ ಬರುವ ತನಕ ಕೂತಿದ್ದ. ಹತ್ತುವಾಗ "ಮತ್ತ ಬಾ" ಅನ್ನಲಿಲ್ಲ. "ಹುಷಾರ, ಪಾಯರಿ ಜಾರ್ತಾವ" ಅಂದ.

ರಾತ್ರಿ ಅವ್ವನಿಗೆ ಫೋಟೊ ತೋರಿಸಿದೆ. ಅಳುತ್ತಾಳೇನೋ ಅಂತ ಹೆದರಿದ್ದೆ. ಚಸ್ಮ ಹಾಕಿಕೊಂಡು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದಳು. ಮೊದಲನೆಯದು ಅಲ್ಲ. ಎರಡನೆಯದು ಅಲ್ಲವೇ ಅಲ್ಲ, ಅದು ಪಾಯಿಂಟ್ಸ್‌ಮನ್ ಹೆಂಡತಿಯದು, ಅವಳು ಒರಳು ತೊಳೆದವಳೇ ಅಲ್ಲವಂತೆ. ಮೂರನೆಯದರ ಮೇಲೆ ಬೆರಳು ನಿಂತಿತು.

"ಇದರ ಗುಂಡು ಎಲ್ಲೈತಿ?"

"ಇರಲಿಲ್ಲ ಅವ್ವ. ಯಾವುದರದ್ದೂ ಇರಲಿಲ್ಲ."

"ಒರಳು ಬಿಟ್ಟು ಬರೇ ಗುಂಡು ಒಯ್ದಾರ?" ಅವ್ವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಗುಂಡು ಒಂದ ತಗೊಂಡು ಏನ ರುಬ್ತಾರಂತ ಅವ್ರು?"