ಮಳೆಯಿಂದ ಬಣ್ಣಕ್ಕೆ ತಿರುಗುವ ಬಸ್ಸು

ಪಾಪ್ ಗಾಯಕರನ್ನು ನಾಯಕರನ್ನಾಗಿಸಿ ತೆಗೆದ ಹಗುರ ಸಂಗೀತಮಯ ಚಿತ್ರಗಳಲ್ಲಿ ಕಥೆಯೆಂಬುದು ಬಟ್ಟೆ ಒಣಹಾಕುವ ಹಗ್ಗದಂತೆ, ಹಾಡುಗಳನ್ನು ನೇತುಹಾಕಲಷ್ಟೇ ಇರುತ್ತದೆ ಎಂಬ ದೂರು ಹಳೆಯದು, ಬಹುಮಟ್ಟಿಗೆ ನಿಜವೂ ಹೌದು. ಆದರೂ ನಾನು ಅವನ್ನು ಮತ್ತೆ ಮತ್ತೆ ನೋಡುತ್ತೇನೆ.

1963ರಲ್ಲಿ ತೆರೆಕಂಡ, ಬ್ರಿಟಿಷ್ ಪಾಪ್ ಗಾಯಕ ಕ್ಲಿಫ್ ರಿಚರ್ಡ್ ನಟಿಸಿದ ‘ಸಮ್ಮರ್ ಹಾಲಿಡೇ’ಯ ಮೊದಲ ನಿಮಿಷಗಳನ್ನೇ ನೋಡಿ. ಇಂಗ್ಲೆಂಡಿನ ಕಡಲತೀರದಲ್ಲಿ ವಾದ್ಯಮೇಳ ನುಡಿಸುತ್ತಿರುವಾಗಲೇ ಮಳೆ ಸುರಿದು, ರಜೆಗೆಂದು ಬಂದವರು ಚದುರಿಹೋಗುವ ಆ ದೃಶ್ಯ ಕಪ್ಪುಬಿಳುಪಿನಲ್ಲಿದೆ. ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸು ಬರುತ್ತಲೇ ಪರದೆಗೆ ಬಣ್ಣ ತುಂಬಿಕೊಳ್ಳುತ್ತದೆ. ಬಸ್ ಮೆಕ್ಯಾನಿಕ್‌ಗಳು ಅದನ್ನು ಸಂಚಾರಿ ಹೋಟೆಲಾಗಿಸಿಕೊಂಡು ಅಥೆನ್ಸಿನವರೆಗೆ ಹೋಗುವುದಷ್ಟೇ ಮುಂದಿನ ಕಥೆ. ಆದರೆ ಪ್ರೇಕ್ಷಕನಿಗೆ ಏನು ಕೊಡಲಿದ್ದೇವೆಂಬುದನ್ನು ಆ ಬಣ್ಣವೇ ಒಂದೂ ಮಾತಿಲ್ಲದೆ ಹೇಳಿಬಿಟ್ಟಿರುತ್ತದೆ.

ಮರುವರ್ಷ ನಿರ್ದೇಶಕ ರಿಚರ್ಡ್ ಲೆಸ್ಟರ್ ಬೀಟಲ್ಸ್ ತಂಡದೊಡನೆ ಮಾಡಿದ ‘ಎ ಹಾರ್ಡ್ ಡೇಸ್ ನೈಟ್’ ಪೂರ್ತಿ ಕಪ್ಪುಬಿಳುಪು. ಅಲ್ಲಿ ನಾಲ್ವರೂ ಕಟ್ಟಡದ ಹೊರಗಿನ ಕಬ್ಬಿಣದ ಮೆಟ್ಟಿಲಿಳಿದು ಬಯಲಿಗೆ ಓಡಿ ಹುಡುಗಾಟವಾಡುವಾಗ ಹಾಡು ಹಿನ್ನೆಲೆಯಲ್ಲಿ ಕೇಳಿಬರುತ್ತದೆಯೇ ಹೊರತು ಯಾರೂ ತುಟಿ ಆಡಿಸುವುದಿಲ್ಲ.

ಎಲ್ವಿಸ್ ಪ್ರೀಸ್ಲಿಯ 31 ಕಥಾಚಿತ್ರಗಳಲ್ಲಿ ಹಲವು ಒಂದೇ ಅಚ್ಚಿನವು (ಎಲ್ಲವನ್ನೂ ನೋಡುವ ತಾಳ್ಮೆ ನನಗಂತೂ ಇಲ್ಲ). ಆದರೆ ಸಂಭಾಷಣೆ ಒಪ್ಪಿಸುವಾಗ ಮರದ ಬೊಂಬೆಯಂತಿರುವ ಗಾಯಕನೂ ಹಾಡಿನ ಮೊದಲ ತಾಳ ಬಿದ್ದೊಡನೆ ಭುಜ ಸಡಿಲಿಸಿ ತನ್ನ ಮನೆಗೆ ಬಂದವನಂತಾಗುತ್ತಾನಲ್ಲ, ನುರಿತ ನಟನಿಂದ ಸಿಗದ ಆ ಕ್ಷಣಕ್ಕಾಗಿ ನಾನು ಉಳಿದದ್ದನ್ನೆಲ್ಲ ಸಹಿಸಿಕೊಳ್ಳುತ್ತೇನೆ.